ಹೊಗೆಯಿಲ್ಲದ ಭಟ್ಟಿಯ ಹೊಗೆ

ಶಿಷ್ಯ ಕೇಳಿದ: "ಗುರುಗಳೇ, ಒಳ್ಳೆಯ ಯೋಜನೆ ತಂದರೆ ಜನ ತಲೆಯಾಡಿಸುತ್ತಾರೆ. ಆದರೆ ಅದರಂತೆ ನಡೆಯುವುದಿಲ್ಲ. ಏಕೆ?"

ಈ ಶಿಷ್ಯ ಕಾವಿ ಉಟ್ಟವನಲ್ಲ. ಅವನ ತಾಲ್ಲೂಕಿನ ಇಟ್ಟಿಗೆ ಸುಡುವ ಗೂಡುಗಳ ಹೊಗೆ ನಿಲ್ಲಿಸುವ ಕೆಲಸವನ್ನು ಸರ್ಕಾರ ಅವನಿಗೆ ಒಪ್ಪಿಸಿತ್ತು. ಅವನು ಹೊಗೆಯಿಲ್ಲದ ಹೊಸ ಗೂಡುಗಳನ್ನು ಕಟ್ಟಿಸಿದ್ದ. ಜನ ಅವುಗಳಿಗೆ ಪೂಜೆ ಮಾಡಿ, ಕಾಯಿ ಒಡೆದು, ಪಕ್ಕದ ಹಳೆಯ ಗೂಡಿಗೆ ಬೆಂಕಿ ಹಾಕಿದ್ದರು. ಹಳೆಯ ಗೂಡುಗಳನ್ನು ಒಡೆಸಬೇಕೋ ಬೇಡವೋ ಎಂದು ಸೋಮವಾರ ಅವನು ಮೇಲಿನವರಿಗೆ ತಿಳಿಸಬೇಕಿತ್ತು. ಒಡೆಸಬೇಕು ಎಂದು ತೀರ್ಮಾನಿಸಿಯೇ ಬಂದಿದ್ದ. ಆಶೀರ್ವಾದವೂ ಇದ್ದರೆ ಒಳ್ಳೆಯದು ಎಂದುಕೊಂಡಿದ್ದ.

ಗುರುಗಳು ಆಶೀರ್ವಾದ ಮಾಡಲಿಲ್ಲ. ಕತೆ ಹೇಳಿದರು.

ಒಂದು ಸೀಮೆಯಲ್ಲಿ ನದಿಯ ದಂಡೆಯುದ್ದಕ್ಕೂ ಮಂಡಕ್ಕಿ ಭಟ್ಟಿಗಳಿದ್ದವು. ಅಲ್ಲಿಯ ಜನ ಭತ್ತ ಬೇಯಿಸಿ, ಬಿಸಿಲಿಗೆ ಒಣಗಿಸಿ, ಅಕ್ಕಿ ಮಾಡಿಸಿ, ಕಾದ ಮರಳಿನಲ್ಲಿ ಹುರಿಯುತ್ತಿದ್ದರು. ಕಟ್ಟಿಗೆ ಸಾಲದಾದಾಗ ಕೈಗೆ ಸಿಕ್ಕಿದ್ದನ್ನು ಒಲೆಗೆ ತುಂಬುತ್ತಿದ್ದರು. ಒಗೆದು ಒಣಹಾಕಿದ ಬಟ್ಟೆ ಒಗೆಯುವ ಮೊದಲಿಗಿಂತ ಕೊಳೆಯಾಗಿ ಮನೆಗೆ ಬರುತ್ತಿತ್ತು. ಊರಿನವರು ಕೆಮ್ಮುತ್ತಲೇ ಮಾತಾಡುತ್ತಿದ್ದರು. ಕೆಮ್ಮದೆ ಮಾತಾಡಿದವನನ್ನು ಪರವೂರಿನವನೆಂದು ಗುರುತಿಸುತ್ತಿದ್ದರು.

ಆ ಸೀಮೆಗೆ ಒಬ್ಬ ಅಧಿಕಾರಿ ಬಂದ. ಒಳ್ಳೆಯವನು. ಕೆಟ್ಟವನಾಗಿದ್ದರೆ ಕತೆ ಸುಲಭವಾಗುತ್ತಿತ್ತು. ಅವನು ಎಲ್ಲ ಊರುಗಳನ್ನೂ ಒಂದೇ ನಕ್ಷೆಯಲ್ಲಿ ಬರೆಸಿದ. ಬಿಸಿಲಿನಿಂದ ಕಾಯುವ ಭಟ್ಟಿಯನ್ನು ತರಿಸಿದ. ದೊಡ್ಡ ಕನ್ನಡಿಗಳು ಬಿಸಿಲನ್ನು ಹಿಡಿದು ಮರಳಿನ ಬಾಣಲೆಗೆ ಒಪ್ಪಿಸುತ್ತಿದ್ದವು. ಮೋಡದ ದಿನ ಏನು ಗತಿ ಎಂದು ಒಬ್ಬ ಕೇಳಿದ. ಮೋಡದ ದಿನ ಅಕ್ಕಿ ಮಾಡಿಸಲು ಭತ್ತವೇ ಒಣಗುವುದಿಲ್ಲ, ಭಟ್ಟಿಗೆ ಅಂದು ಮೊದಲಿನಿಂದಲೂ ರಜೆಯಲ್ಲವೇ ಎಂದು ಅಧಿಕಾರಿ ಉತ್ತರಿಸಿದ. ಅಷ್ಟು ವಿಚಾರ ಮಾಡಿದ್ದ. ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಸಭೆಯ ನಂತರ ಊಟವಿತ್ತು.

ಕೈ ಎತ್ತಿದವರಲ್ಲಿ ಒಬ್ಬಳು ಮಾತ್ರ ಮನೆಗೆ ಹೋಗಿ ತನ್ನ ಹಳೆಯ ಭಟ್ಟಿಯನ್ನು ಕೆಡವಿದಳು. ಹೊಗೆಗೆ ಅವಳ ಕಣ್ಣು ಮಂಜಾಗುತ್ತಿತ್ತು. ಚಿಮಣಿಯನ್ನಷ್ಟೇ ಉಳಿಸಿಕೊಂಡಳು, ಅದರಲ್ಲಿ ಗುಬ್ಬಿ ಗೂಡು ಕಟ್ಟಲಿ ಎಂದು. ಹೊಸ ಭಟ್ಟಿಯ ಮರಳು ಚೆನ್ನಾಗಿ ಕಾಯಿತು. ಮಂಡಕ್ಕಿ ಮಲ್ಲಿಗೆಯಂತೆ ಅರಳಿತು. ಕೊಳ್ಳಲು ಯಾರೂ ಬರಲಿಲ್ಲ.

ಪಕ್ಕದ ಭಟ್ಟಿಯವನು ಗೋಡೆಯ ಮೇಲಿಂದ ಇಣುಕಿದ.

"ಏನಕ್ಕಾ, ಇವತ್ತೂ ಭಟ್ಟಿ ಹಚ್ಚಿಲ್ಲವಾ?"

"ಹಚ್ಚಿದೀನಪ್ಪಾ. ಬೇಕಾದರೆ ಬಾಣಲೆಯಲ್ಲಿ ಕೈ ಇಟ್ಟು ನೋಡು."

"ಕೈ ಯಾಕೆ ಇಡಲಿ? ಹೊಗೆನೇ ಇಲ್ಲವಲ್ಲ!"

ವಿಷಯ ಅಷ್ಟೇ ಆಗಿತ್ತು. ಮಂಡಕ್ಕಿ ಬೇಗ ಮೆತ್ತಗಾಗುತ್ತದೆ. ಬಿಸಿಬಿಸಿ ಹುರಿದದ್ದು ಎಲ್ಲಿ ಸಿಗುತ್ತದೆಂದು ವ್ಯಾಪಾರಿಗಳು ಸೇತುವೆಯ ಮೇಲೆ ಗಾಡಿ ನಿಲ್ಲಿಸಿ ನೋಡುತ್ತಿದ್ದರು. ಯಾವ ಚಿಮಣಿಯಲ್ಲಿ ಹೊಗೆ ಏಳುತ್ತಿದೆಯೋ ಅತ್ತ ಗಾಡಿ ಹೊಡೆಯುತ್ತಿದ್ದರು. ಅವರ ತಾತಂದಿರೂ ಹಾಗೆಯೇ ಮಾಡಿದ್ದರು. ಬೆಂಕಿಯಿಲ್ಲದೆ ಹೊಗೆಯಾಡದು ಎಂದು ಎಲ್ಲ ಸೀಮೆಯವರೂ ನಂಬುತ್ತಾರೆ. ಹೊಗೆಯಾಡದಿದ್ದರೆ ಬೆಂಕಿಯೇ ಇಲ್ಲ ಎಂದು ಈ ಸೀಮೆಯವರು ನಂಬಿದ್ದರು.

ಭಟ್ಟಿಯವಳ ಚೀಲಗಳು ಒಂದೊಂದಾಗಿ ಮೆತ್ತಗಾದವು. ಹಳೆಯ ಭಟ್ಟಿ ಕೆಡವಿಯಾಗಿತ್ತು. ಹಿಂದಕ್ಕೆ ಹೋಗಲು ದಾರಿಯಿರಲಿಲ್ಲ. ಇನ್ನೊಂದು ವಾರ ಹೀಗೇ ಕಳೆದರೆ ಭಟ್ಟಿ ಮುಚ್ಚಿ ಬೇರೆಯವರ ಭಟ್ಟಿಗೆ ಕೂಲಿಗೆ ಹೋಗಬೇಕಿತ್ತು, ಅದೇ ಹೊಗೆಯೊಳಗೆ. ಒಂದು ಬೆಳಿಗ್ಗೆ ಅವಳು ಗುಬ್ಬಿಗಳನ್ನು ಓಡಿಸಿ, ಚಿಮಣಿಯ ಬುಡದಲ್ಲಿ ಹಸಿ ಹುಲ್ಲು ತುಂಬಿ ಬೆಂಕಿ ಇಟ್ಟಳು. ಊರಿನಲ್ಲಿ ಯಾವ ಭಟ್ಟಿಯೂ ಕಾರದಷ್ಟು ಹೊಗೆ ಬಂತು. ಮಧ್ಯಾಹ್ನದೊಳಗೆ ಚೀಲಗಳೆಲ್ಲ ಖಾಲಿಯಾದವು.

ಅಂದೇ ಅಧಿಕಾರಿ ತಪಾಸಣೆಗೆ ಬಂದ.

"ಏನಮ್ಮಾ ಇದು? ಬಿಸಿಲಿನ ಭಟ್ಟಿಯಲ್ಲಿ ಹೊಗೆ?"

"ಹೊಗೆ ಭಟ್ಟಿಯದಲ್ಲ ಸ್ವಾಮಿ, ವ್ಯಾಪಾರದ್ದು."

ಅಧಿಕಾರಿಗೆ ಸಿಟ್ಟು ಬಂತು. ಕನ್ನಡಿಗಳನ್ನು ಬಿಚ್ಚಿಸಿ, ಯೋಜನೆಯನ್ನು ಗೌರವಿಸುವ ಊರಿಗೆ ಕೊಡುತ್ತೇನೆ ಎಂದ.

"ಬಿಚ್ಚಿಸಿ," ಎಂದಳು ಅವಳು. "ಅದಕ್ಕೂ ಮೊದಲು ಒಂದು ಗಳಿಗೆ ಸೇತುವೆ ಮೇಲೆ ನಿಂತು ಬನ್ನಿ."

ಅವನು ಸೇತುವೆಗೆ ಹೋದ. ಹೋದನೆಂಬುದೇ ಅವನ ದೊಡ್ಡತನ. ಹೋಗದವರ ಬಗ್ಗೆ ನನ್ನಲ್ಲಿ ಬೇರೆ ಕತೆಗಳಿವೆ. ಅಲ್ಲಿ ಒಬ್ಬ ವ್ಯಾಪಾರಿ ಗಾಡಿ ನಿಲ್ಲಿಸಿಕೊಂಡು ಹುಬ್ಬಿನ ಮೇಲೆ ಕೈಯಿಟ್ಟು ನೋಡುತ್ತಿದ್ದ. ಅಧಿಕಾರಿ ಬೆರಳು ತೋರಿಸಿ, "ಅದು ಬಿಸಿಲಿನ ಭಟ್ಟಿ, ಗೊತ್ತೇ?" ಎಂದ.

"ಇರಬಹುದು ಸ್ವಾಮಿ," ಎಂದ ವ್ಯಾಪಾರಿ. "ಇಷ್ಟು ದಿನ ಕೆಟ್ಟು ನಿಂತಿತ್ತು. ಇವತ್ತು ರಿಪೇರಿಯಾಗಿದೆ. ನೋಡಿ, ಎಷ್ಟು ಚೆನ್ನಾಗಿ ಹೊಗೆ ಬರುತ್ತಿದೆ!"

ಅಧಿಕಾರಿ ಮರಳಿ ಬಂದು ಜಗಲಿಯ ಮೇಲೆ ಕುಳಿತ. ಈ ಸೀಮೆಗೆ ಬಂದಮೇಲೆ ಅವನು ಬಹಳ ಮಾತು ಹೇಳಿದ್ದ. ಕೇಳಿದ್ದು ಇದೇ ಮೊದಲು: "ಹೊಗೆಯಿಲ್ಲದೆ ಅವರಿಗೆ ಹೇಗೆ ಹೇಳುವುದು?"

ಪಕ್ಕದವನಿಗೆ ಸುಮ್ಮನಿದ್ದು ಅಭ್ಯಾಸವಿರಲಿಲ್ಲ.

"ಅಕ್ಕನ ಸೀರೆ ಏರಿಸಿಬಿಡಿ ಸ್ವಾಮಿ! ಹೊಗೆಗಿಂತ ಚೆನ್ನಾಗಿ ಹಾರುತ್ತೆ," ಎಂದು ಗೋಡೆಯಾಚೆಯಿಂದ ನಕ್ಕ.

ಅವಳು ಗೋಡೆಯ ಕಡೆ ನೋಡಿದಳು. ಅಧಿಕಾರಿಯ ಕಡೆ ನೋಡಿದಳು. ಒಳಗೆ ಹೋಗಿ ಒಂದು ಹಳೆಯ ಕೆಂಪು ಸೀರೆ ತಂದಳು.

"ನಗೋದು ಆಮೇಲೆ ತಮ್ಮಾ. ನಿನ್ನ ಹಿತ್ತಲಿನದೊಂದು ಉದ್ದನೆಯ ಬಿದಿರು ಕೊಡು."

ಮರಳು ಕಾದಾಗ ಸೀರೆ ಮೇಲೇರಬೇಕು, ಕೆಲಸ ಮುಗಿದಾಗ ಇಳಿಯಬೇಕು ಎಂದು ಗೊತ್ತುಮಾಡಿದರು. ಅಧಿಕಾರಿ ಪ್ರತಿದಿನ ಬೆಳಿಗ್ಗೆ ಸೇತುವೆಯ ಮೇಲೆ ನಿಂತು, ಕೆಂಪು ಕಂಡರೆ ಬಿಸಿ ಎಂದು ಗಾಡಿಗಳಿಗೆ ಹೇಳಿದ. ಮೊದಮೊದಲು ವ್ಯಾಪಾರಿಗಳು ಇವನಿಗೇನೋ ಆಗಿದೆ ಎಂದುಕೊಂಡು ಮರುಕದಿಂದಲೇ ಅತ್ತ ಗಾಡಿ ಹೊಡೆದರು. ಮಂಡಕ್ಕಿ ಬಾಯಿಗೆ ಹಾಕಿಕೊಂಡಮೇಲೆ ಮರುಕ ಬಿಟ್ಟರು. ಚಿಮಣಿಗೆ ಗುಬ್ಬಿಗಳು ಹಿಂದಿರುಗಿದವು.

ಪಕ್ಕದವನು ಸುಮ್ಮನಿರುತ್ತಾನೆಯೇ? ತನ್ನ ಹೊಗೆಯ ಭಟ್ಟಿಯ ಮೇಲೂ ಒಂದು ಕೆಂಪು ಬಟ್ಟೆ ಏರಿಸಿದ. ಸಂಜೆಯೊಳಗೆ ಅದು ಮಸಿ ಹಿಡಿದು ಕಪ್ಪಾಯಿತು. ಮರುದಿನ ವ್ಯಾಪಾರಿಗಳು ಕಪ್ಪು ಬಾವುಟ ಕಂಡು, ಅಲ್ಲೇನೋ ಧರಣಿ ನಡೆದಿದೆ, ನಮಗೇಕೆ ಎಂದು ಗಾಡಿ ತಿರುಗಿಸಿದರು. ಅವನು ಬಟ್ಟೆ ಬದಲಿಸಿದ. ಮತ್ತೆ ಕಪ್ಪಾಯಿತು. ಕೊನೆಗೆ ಅವನೇ ಅಧಿಕಾರಿಯ ಬಳಿಗೆ ಬಂದು, "ಸ್ವಾಮಿ, ಬಾವುಟ ಕೆಂಪಗಿರಲಿಕ್ಕೆ ಏನು ಮಾಡಬೇಕು?" ಎಂದು ಕೇಳಿದ. ಅಧಿಕಾರಿ ಕನ್ನಡಿಗಳನ್ನು ತೋರಿಸಿದ.

ಕೆಲವು ಸುಗ್ಗಿ ಕಳೆಯುವುದರಲ್ಲಿ ದಂಡೆಯುದ್ದಕ್ಕೂ ಕೆಂಪು ಬಟ್ಟೆ ಹಾರಿತು. ಕೆಮ್ಮು ಕಡಿಮೆಯಾಗಿ ಪರವೂರಿನವರನ್ನು ಗುರುತಿಸುವುದು ಕಷ್ಟವಾಯಿತು. ಆ ಅಧಿಕಾರಿಯ ನಂತರ ಬಂದವನು ಬಾವುಟಕ್ಕೆಂದೇ ಒಂದು ಇಲಾಖೆ ತೆರೆದು, ಬಟ್ಟೆಯ ಉದ್ದಗಲ ಗೊತ್ತುಮಾಡಿದನಂತೆ. ಅಷ್ಟಾದರೂ ಭಟ್ಟಿಗಳು ನಡೆದವು ಎಂದರೆ ಯೋಜನೆ ಎಷ್ಟು ಗಟ್ಟಿಯಾಗಿತ್ತೆಂದು ತಿಳಿ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಗೂಡುಗಳನ್ನು ಒಡೆಸುವುದಿಲ್ಲ. ಸೋಮವಾರವೇ ಪ್ರತಿ ಗೂಡಿಗೂ ಒಂದು ಬಾವುಟ ಮಂಜೂರು ಮಾಡಿಸುತ್ತೇನೆ."

ಗುರುಗಳು ಕೇಳಿದರು: "ಬಾವುಟ ಇರಲಿ, ನಿನ್ನ ಗೂಡುಗಳ ಹೊಗೆ ಯಾರಿಗೆ ಏನು ಹೇಳುತ್ತಿದೆ?"