ಸೋಮವಾರ ಬಾರದವಳು

"ಗುರುಗಳೇ, ಮತ್ತೆ ಬಾರದ ರೋಗಿ ಬದುಕಿದ್ದಾನೋ ಸತ್ತಿದ್ದಾನೋ ನಮಗೆ ಹೇಗೆ ಗೊತ್ತಾಗಬೇಕು?" ಎಂದು ಶಿಷ್ಯ ಕೇಳಿದ.

ಶಿಷ್ಯ ಶಸ್ತ್ರಚಿಕಿತ್ಸೆ ಕಲಿಯುತ್ತಿದ್ದ ವೈದ್ಯ. ಗುರುಗಳು ಅದನ್ನೇ ಕಲಿಸುತ್ತ ಮುದುಕರಾದವರು. ಶಿಷ್ಯ ಒಂದು ಸಂಶೋಧನೆ ಮುಗಿಸುತ್ತಿದ್ದ. ಹಳ್ಳಿಗಳಲ್ಲಿ ಶಿಬಿರ ಮಾಡಿ, ಮನೆ ಬಾಗಿಲಿಂದಲೇ ವ್ಯಾನಿನಲ್ಲಿ ಕರೆತಂದು ಆಪರೇಷನ್ ಮಾಡಿದವರಲ್ಲಿ ಕೆಲವರು ಮರುತಪಾಸಣೆಗೆ ಬಂದಿರಲಿಲ್ಲ. ಅವರನ್ನು ಬಿಟ್ಟು ಬರೆಯಬಹುದೇ ಎಂಬುದು ಅವನ ಮನಸ್ಸಿನಲ್ಲಿತ್ತು. ಎಲ್ಲರೂ ಹಾಗೇ ಬರೆಯುತ್ತಾರೆ ಎಂದೂ ಸೇರಿಸಿದ.

ಗುರುಗಳು ಹೌದು ಅನ್ನಲಿಲ್ಲ. ಇಲ್ಲ ಅನ್ನಲಿಲ್ಲ. ಕೂರು ಅಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಹಳ್ಳಿಯಲ್ಲಿ ಒಬ್ಬ ಹಗ್ಗ ಹೊಸೆಯುವವನಿದ್ದ. ಹೆಂಡತಿ ರಾಟೆ ತಿರುಗಿಸುತ್ತಿದ್ದಳು. ಅವನು ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದ. ಹಗ್ಗ ಒಬ್ಬರ ಕೆಲಸವಲ್ಲ. ಈ ತುದಿಗೊಬ್ಬರು ಬೇಕು, ಆ ತುದಿಗೊಬ್ಬರು ಬೇಕು. ಅವಳ ಹೆಸರು ಚಿಕ್ಕೀರಮ್ಮ.

ಅವಳ ಹೊಕ್ಕುಳ ಪಕ್ಕ ಒಂದು ಗಂಟು ಎದ್ದಿತು. ನಿಂತರೆ ಉಬ್ಬುತ್ತಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು. ಸೀರೆ ಬಿಗಿದು ಕಟ್ಟಿಕೊಂಡು ಕೆಲಸ ಮಾಡುತ್ತಿದ್ದಳು.

ಪಟ್ಟಣದಲ್ಲಿ ಒಂದು ದೊಡ್ಡ ಆಸ್ಪತ್ರೆ. ವೈದ್ಯರನ್ನು ತಯಾರು ಮಾಡುವ ಆಸ್ಪತ್ರೆ. ಅಲ್ಲೊಬ್ಬ ಹಿರಿಯ ವೈದ್ಯ. ಅವನ ಕೈಕೆಳಗೆ ಕಲಿಯುವ ಒಬ್ಬ ಕಿರಿಯ ವೈದ್ಯ. ಹಿರಿಯನಿಗೆ ಒಂದು ವಿಚಾರ ಹೊಳೆದಿತ್ತು. ಇಂಥ ಗಂಟಿಗೆ ಆಪರೇಷನ್ ಮಾಡಿ ಮಾರನೆಯ ದಿನವೇ ಮನೆಗೆ ಕಳಿಸಿದರೂ ಏನೂ ಆಗುವುದಿಲ್ಲ. ಹಾಸಿಗೆ ಬೇಗ ಖಾಲಿಯಾಗಿ ಇನ್ನೊಬ್ಬರಿಗೆ ಸಿಗುತ್ತದೆ. ವಿಚಾರ ಕೆಟ್ಟದ್ದಲ್ಲ. ನಿಜವೋ ಅಲ್ಲವೋ ನೋಡಬೇಕಿತ್ತು. ನೋಡುವ ಕೆಲಸ ಕಿರಿಯನ ಪಾಲಿಗೆ ಬಿತ್ತು. ಅದು ಮುಗಿಯದೆ ಅವನನ್ನು ಪರೀಕ್ಷೆಗೆ ಕೂರಿಸುವಂತಿರಲಿಲ್ಲ.

ರೋಗಿಗಳು ಸಾಲಲಿಲ್ಲ. ಆಸ್ಪತ್ರೆಯ ವ್ಯಾನು ಹಳ್ಳಿಗಳಿಗೆ ಹೋಯಿತು. ಶಾಲೆಯ ಅಂಗಳದಲ್ಲಿ ಶಿಬಿರ ಮಾಡಿದರು. ಶಿಬಿರಕ್ಕೆ ಬಾರದವರ ಮನೆಗೆ ಕಿರಿಯ ವೈದ್ಯ ತಾನೇ ನಡೆದು ಹೋದ. ಹಗ್ಗದವನ ಮನೆಗೂ ಹೋದ. ತಲೆ ತಗ್ಗಿಸಿ ಒಳಗೆ ಬಂದು, ಚಾಪೆಯ ಮೇಲೆ ಕೂತು, ಮಜ್ಜಿಗೆ ಕುಡಿದ. ಗಂಟು ಒತ್ತಿ, ನೋಯುತ್ತದಾ ಅಮ್ಮ ಎಂದು ಕೇಳಿದ. ಒತ್ತಿದರೆ ಯಾರಿಗಾದರೂ ನೋಯುತ್ತೆ ಮಗ, ನಿನ್ನ ಹೊಟ್ಟೆ ಕೊಡು ಒತ್ತಿ ತೋರಿಸುತ್ತೇನೆ ಎಂದು ಅವಳು ನಗಿಸಿದಳು. ಅವನೂ ನಕ್ಕ. ವ್ಯಾನು ಮನೆಯ ಮುಂದೆಯೇ ಬಂದು ನಿಂತಿತು. ಗಂಡ ಹೆಂಡತಿ ಇಬ್ಬರನ್ನೂ ಹತ್ತಿಸಿಕೊಂಡು ಹೋದರು.

ಕಿರಿಯ ವೈದ್ಯ ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡ. ಒಂದು ಮಾತನ್ನೂ ತೆಗೆದುಕೊಂಡ. ತಿಂಗಳು ತುಂಬಿದ ಸೋಮವಾರ ತಪ್ಪದೆ ಬಂದು ಗಾಯ ತೋರಿಸಬೇಕು, ಅದರಿಂದ ನಾಳೆ ಬರುವವರಿಗೆ ಉಪಕಾರವಾಗುತ್ತದೆ ಅಂದ. ನನ್ನಿಂದ ನಾಲ್ಕು ಜನಕ್ಕೆ ಉಪಕಾರ ಅಂದರೆ ಬಾರದೆ ಇರುತ್ತೇನಾ ಅಂದಳು ಅವಳು. ಗಂಡನಿಗೂ ಅದು ಹೆಮ್ಮೆ ಅನ್ನಿಸಿತು.

ಕರೆತರಲು ವ್ಯಾನಿತ್ತು. ವಾಪಸು ಬಿಡಲು ಇರಲಿಲ್ಲ. ಆಪರೇಷನ್ ಆದ ಮಾರನೆಯ ದಿನ ಅವಳು ಹೊಟ್ಟೆ ಹಿಡಿದುಕೊಂಡು ಬಸ್ಸು ಹತ್ತಿದಳು. ಸೀಟು ಸಿಗಲಿಲ್ಲ.

ಮನೆ ಸೇರಿದ ಮೇಲೆ ಜ್ವರ ಬಂತು. ಹೊಟ್ಟೆ ಹಲಗೆಯ ಹಾಗೆ ಬಿಗಿಯಿತು. ಗಂಡ ಆಸ್ಪತ್ರೆಗೆ ಫೋನು ಮಾಡಿಸಿದ. ಎತ್ತಿದವರು ಡಾಕ್ಟರು ಆಪರೇಷನ್‌ನಲ್ಲಿದ್ದಾರೆ, ಆಮೇಲೆ ಮಾಡಿ ಅಂದರು. ಆಮೇಲೆ ಎತ್ತಲೇ ಇಲ್ಲ. ಆಟೋದಲ್ಲಿ ಹತ್ತಿರದ ಸಣ್ಣ ಆಸ್ಪತ್ರೆಗೆ ಸಾಗಿಸಿದ. ದಾರಿಯಲ್ಲಿ ಅವಳು, ಸೋಮವಾರ ನನ್ನ ಕೈಲಾಗದಿದ್ದರೆ ನೀನಾದರೂ ಹೋಗಿ ಹೇಳಿ ಬಾ, ಆ ಹುಡುಗ ಕಾಯುತ್ತಿರುತ್ತಾನೆ ಅಂದಳು. ಸಂಜೆಯೊಳಗೆ ಸತ್ತಳು.

ತಿಂಗಳು ತುಂಬಿತು. ಸೋಮವಾರ ಗಂಡ ಬಸ್ಸು ಹತ್ತಿದ. ಆಸ್ಪತ್ರೆಯ ಸಾಲಿನಲ್ಲಿ ಕೂತ. ಬಂದವರೆಲ್ಲ ಚೆನ್ನಾಗಿದ್ದರು. ಚೆನ್ನಾಗಿದ್ದವರು ತಾನೇ ಬಸ್ಸು ಹತ್ತಿ ಬರುವುದು. ಚಿಕ್ಕೀರಮ್ಮ ಎಂದು ಕೂಗಿದರು. ಅವನು ಎದ್ದು ನಿಂತ.

ಕಿರಿಯ ವೈದ್ಯ ಗುರುತು ಹಿಡಿದ. ಅಮ್ಮ ಎಲ್ಲಿ ಎಂದು ಕೇಳಿದ. ಗಂಡ ಹೇಳಿದ. ಕಿರಿಯನ ಮುಖ ಕಂದಿತು. ಒಳಗೆ ಹೋಗಿ ಹಿರಿಯನನ್ನು ಕೇಳಿದ. ಹಿರಿಯ ತಲೆ ಎತ್ತದೆ ಹೇಳಿದ: ಅವಳು ಸತ್ತದ್ದು ಇಲ್ಲಲ್ಲ. ಯಾತಕ್ಕೆ ಸತ್ತಳೋ ಯಾರು ಕಂಡರು. ಬಂದು ಗಾಯ ತೋರಿಸಿದವರು ಮಾತ್ರ ಲೆಕ್ಕಕ್ಕೆ ಎಂದು ಮೊದಲೇ ನಿಯಮ ಮಾಡಿದ್ದೇವೆ. ಅವಳು ಬಂದಿಲ್ಲ. ಬಾರದವರ ಜೊತೆ ಸೇರಿಸು. ನಿನಗೆ ಪರೀಕ್ಷೆ ಬೇಡವೇ?

ಕಿರಿಯನಿಗೆ ಪರೀಕ್ಷೆ ಬೇಕಿತ್ತು. ಹೊರಗೆ ಬಂದ.

"ಯಜಮಾನ್ರೆ, ಗಾಯ ನೋಡದೆ ನಾವು ಏನೂ ಬರೆಯೋ ಹಾಗಿಲ್ಲ. ನೀವಿನ್ನು ಹೊರಡಿ."

"ಏನಂತ ಬರಕೊಂಡ್ರಿ?"

"ಬರಲಿಲ್ಲ ಅಂತ."

"ಹಂಗೆ ಬರೀಬೇಡಿ ಸ್ವಾಮಿ. ಸತ್ತಳು ಅಂತ ಬರೀರಿ. ಅವಳು ಮಾತು ಕೊಟ್ಟು ತಪ್ಪಿದೋಳಲ್ಲ. ಸಾಯೋವಾಗಲೂ ನಿಮ್ಮನ್ನೇ ನೆನೆಸಿಕೊಂಡಳು. ಬರಲಿಲ್ಲ ಅಂದರೆ ಏನರ್ಥ? ಸುಖವಾಗಿ ಮನೇಲಿ ಕೂತವಳೆ, ನಿಮ್ಮ ಮಾತಿಗೆ ಬೆಲೆ ಕೊಡಲಿಲ್ಲ ಅಂತ ತಾನೆ?"

ಕಿರಿಯ ಪಟ್ಟಿಯ ಕಡೆ ತಿರುಗಿದ. ಮುಂದಿನ ಹೆಸರು ಕೂಗಿದ. ಗಂಡ ಬೆಂಚಿನ ಮೇಲೆ ಕೂತೇ ಇದ್ದ. ಬಾಗಿಲು ಹಾಕುವ ಹೊತ್ತಿಗೆ ಕಾವಲಿನವನು ಬಂದು ಎಬ್ಬಿಸಿ ಕಳಿಸಿದ.

ಸಂಶೋಧನೆ ಮುಗಿಯಿತು. ದೊಡ್ಡ ಊರಿನಲ್ಲಿ ವೈದ್ಯರ ಸಮ್ಮೇಳನ. ಕಿರಿಯ ವೇದಿಕೆ ಹತ್ತಿ ಓದಿದ. ಮರಳಿ ಬಂದ ಎಲ್ಲರೂ ಕ್ಷೇಮ ಅಂದ. ನಿಜವೇ. ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಸಭೆಯಲ್ಲಿ ಒಬ್ಬರು ಬಾರದವರ ಗತಿ ಏನು ಎಂದು ಕೇಳಿದರು. ಕಿರಿಯ ಹಿರಿಯನ ಕಡೆ ನೋಡಿದ. ಹಿರಿಯ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಗುಣವಾಗಿರುವುದರಿಂದಲೇ ಅವರು ಬಂದಿಲ್ಲ ಎಂದು ಭಾವಿಸಿದ್ದೇವೆ ಅಂದ ಕಿರಿಯ. ಚಪ್ಪಾಳೆ ತಟ್ಟಿದರು. ಶಾಲು ಹೊದಿಸಿದರು. ಬೇರೆ ಆಸ್ಪತ್ರೆಯವರೂ ಆಪರೇಷನ್ ಆದವರನ್ನು ಮಾರನೆಯ ದಿನವೇ ಬಸ್ಸು ಹತ್ತಿಸತೊಡಗಿದರು. ಅವರಲ್ಲಿ ಯಾರು ಯಾರು ಮನೆಯಲ್ಲಿ ಹೊಟ್ಟೆ ಬಿಗಿದು ಸತ್ತರೋ ಯಾರೂ ಕೇಳಲಿಲ್ಲ. ಸತ್ತವರು ಸೋಮವಾರ ಬರುವುದಿಲ್ಲ.

ಕಿರಿಯ ಪರೀಕ್ಷೆಯಲ್ಲಿ ತೇರ್ಗಡೆಯಾದ. ಅದೇ ಆಸ್ಪತ್ರೆಯಲ್ಲಿ ಕಲಿಸುವವನಾದ. ಈಗ ಅವನಿಗೂ ಒಂದು ವಿಚಾರ ಹೊಳೆಯಿತು. ಅವನಿಗೂ ರೋಗಿಗಳು ಬೇಕಾದರು. ವ್ಯಾನು ಮತ್ತೆ ಅದೇ ಹಳ್ಳಿಗೆ ಹೊರಟಿತು.

ಹಗ್ಗದವನ ಮನೆಯ ಮುಂದೆ ದಾರಿಗೆ ಅಡ್ಡ ಒಂದು ಹಗ್ಗ ಕಟ್ಟಿತ್ತು. ಒಂದು ತುದಿ ರಾಟೆಯ ಕಂಬಕ್ಕೆ. ಇನ್ನೊಂದು ತುದಿ ಎದುರಿನ ಹುಣಸೆ ಮರಕ್ಕೆ. ಅವಳು ಹೋದ ಮೇಲೆ ಆ ರಾಟೆ ತಿರುಗಿರಲಿಲ್ಲ. ವ್ಯಾನು ನಿಂತಿತು. ಚಾಲಕ ಹಾರನ್ ಒತ್ತಿದ. ಜಗುಲಿಯ ಮೇಲೆ ಕೂತಿದ್ದ ಹಗ್ಗದವನು ಏಳಲಿಲ್ಲ. ಸುತ್ತ ಜನ ಸೇರಿದರು. ವೈದ್ಯ ಇಳಿದು ಬಂದ.

"ಯಜಮಾನ್ರೆ, ಹಗ್ಗ ಬಿಚ್ಚಿ. ನಾವು ಬಂದಿರೋದು ನಿಮ್ಮ ಜನದ ಒಳ್ಳೇದಕ್ಕೆ."

"ಯಾರು ಬಂದಿರೋದು? ಇಲ್ಲಿ ಯಾರೂ ಬಂದಿಲ್ಲ."

"ನಾನು. ನಿಮ್ಮ ಮನೇಲಿ ಮಜ್ಜಿಗೆ ಕುಡಿದಿದ್ದೆ. ಮರೆತಿರಾ?"

"ನಾನೂ ನಿಮ್ಮ ಬೆಂಚಿನ ಮೇಲೆ ಕೂತಿದ್ದೆ ಸ್ವಾಮಿ. ಬರಲಿಲ್ಲ ಅಂತ ಬರಕೊಂಡ್ರಿ. ನಾನೂ ಹಂಗೇ ಅಂದುಕೊಂಡಿದೀನಿ. ನೀವು ಬಂದಿಲ್ಲ. ಹೋಗಿ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಗಂಟಿದ್ದ ಹೆಂಗಸೊಬ್ಬಳು ಸೀರೆ ಬಿಗಿದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಆಪರೇಷನ್ ಬೇಕೇ ಬೇಕಿತ್ತು. ವ್ಯಾನು ಖಾಲಿ ತಿರುಗಿತು. ಈ ಜನಕ್ಕೆ ತಿಳುವಳಿಕೆ ಇಲ್ಲ ಎಂದು ದಾರಿಯುದ್ದಕ್ಕೂ ವೈದ್ಯ ಚಾಲಕನಿಗೆ ಹೇಳುತ್ತ ಹೋದ.

ಗುರುಗಳು ಕತೆ ನಿಲ್ಲಿಸಿದರು.

ಆ ವೈದ್ಯನಿಗೆ ಅವಳು ಸತ್ತದ್ದು ಗೊತ್ತಿತ್ತು, ಗೊತ್ತಿದ್ದೂ ಮುಚ್ಚಿಟ್ಟ, ಅದು ಪಾಪ ಅಂದ ಶಿಷ್ಯ. ತನ್ನ ವಿಷಯ ಹಾಗಲ್ಲ ಅಂದ. ಶಿಬಿರದಿಂದ ಬಂದವರು ಮನೆಗೆ ಹೋದ ಮೇಲೆ ಏನಾದರೋ ತನಗೆ ನಿಜವಾಗಿಯೂ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಇಲ್ಲ ಅಂದ.

ಗುರುಗಳು ಕೇಳಿದರು: "ವ್ಯಾನು ತೆಗೆದುಕೊಂಡು ಕರೆತರಲು ಹೋದೆಯಲ್ಲ, ಆವತ್ತು ಅವರ ಮನೆಯ ದಾರಿ ನಿನಗೆ ಹೇಗೆ ಗೊತ್ತಾಯಿತು?"