ವಿಭೂತಿ ಹಚ್ಚಿದ ಜಾಯಿಂಟು

ಹೊಳೆಯ ದಂಡೆಗೆ ಒಂದು ಮಠ ಇತ್ತು. ಊರಿನ ಹೆಸರು ಬೇಡ ಬಿಡಿ, ಹೇಳಿದರೆ ಅಲ್ಲಿಯ ಭಕ್ತರು ನನ್ನ ಮೇಲೆ ಮುನಿಸಿಕೊಂಡಾರು.

ಮಠದ ಹಿರಿಯರು ಅಡವಯ್ಯಜ್ಜ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ಕಣ್ಣು ಮಾತ್ರ ಸದಾ ಏನೋ ತಮಾಷೆ ಕಂಡವರ ಹಾಗೆ ಇರುತ್ತಿತ್ತು.

ಆ ಮಠದಲ್ಲಿ ಒಂದು ರೂಢಿ. ಹೊಸದಾಗಿ ಬಂದ ಶಿಷ್ಯ ಪುಸ್ತಕ ಮುಟ್ಟುವ ಮೊದಲು ಹೂದೋಟದಲ್ಲಿ ಒಂದು ಗಿಡ ನೆಡಬೇಕು. ಅದೂ ಸಾಲಿನ ಕೊನೆಗೆ, ತನಗಿಂತ ಮೊದಲು ಬಂದವನ ಗಿಡದ ಆಚೆಗೆ. ಮತ್ತೊಬ್ಬ ಹೊಸಬ ಬರುವ ತನಕ ಇಡೀ ತೋಟಕ್ಕೆ ನೀರು ಬಿಡುವ ಕೆಲಸವೂ ಅವನದೇ.

ಹಾಗೆ ಬಂದವನು ಫಕೀರೇಶ. ತಾಯಿಯಿಲ್ಲದ ಅವನನ್ನು ಅಕ್ಕ ದ್ಯಾಮವ್ವ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಮಠಕ್ಕೆ ಹೋಗುತ್ತೇನೆ ಅಂದಾಗ ಅವಳು ಅಳಲಿಲ್ಲ, ಬೇಡ ಅನ್ನಲೂ ಇಲ್ಲ. ಹಿತ್ತಲಲ್ಲಿದ್ದ ಸಂಪಿಗೆ ಸಸಿಯನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಗೋಣಿತಟ್ಟಿನಲ್ಲಿ ಸುತ್ತಿ ಕೈಗೆ ಕೊಟ್ಟಳು.

"ಇದು ಅಲ್ಲಿ ಜೀವ ಹಿಡಿದ್ರ ನೀನೂ ಹಿಡಿದಿ ಅಂತ ತಿಳೀತೀನಿ. ಶ್ರಾವಣಕ್ಕ ಬಂದು ನೋಡ್ತೀನಿ. ಒಣಗಿತ್ತಂದ್ರ ನಿನ್ನ ಕೈ ಹಿಡಕೊಂಡು ಮನಿಗೆ ಕರಕೊಂಡು ಬರಾಕಿ ನಾ."

ದ್ಯಾಮವ್ವ ಒಂದು ಮಾತು ಆಡಿದಳೆಂದರೆ ಅದು ಕಲ್ಲಿನಲ್ಲಿ ಕೊರೆದ ಹಾಗೆ. ಅದು ತಮ್ಮನಿಗೆ ಗೊತ್ತಿತ್ತು.

ಬೇಸಿಗೆ ಬಂತು. ಸಂಪಿಗೆಯ ಎಲೆ ಅಂಚಿನಿಂದ ಸುಟ್ಟುಕೊಳ್ಳತೊಡಗಿತು. ಫಕೀರೇಶನ ಎದೆಯೂ ಅದರ ಜೊತೆಗೇ ಒಣಗಿತು.

ನೀರಿಲ್ಲ ಅಂತಲ್ಲ. ದಿಬ್ಬದ ಮೇಲೆ ದೊಡ್ಡ ತೊಟ್ಟಿ ಇತ್ತು, ಹೊಳೆಯ ನೀರು ಪಂಪಿನಿಂದ ಬಂದು ಅದು ತುಂಬುತ್ತಿತ್ತು. ತೊಟ್ಟಿಯ ನಲ್ಲಿಗೆ ಸಿಕ್ಕಿಸಿದ ಒಂದು ಉದ್ದನೆಯ ಹಸಿರು ಪೈಪು, ಅದರ ತುದಿಯಿಂದ ನೀರು ಸಾಲಿನ ಕಾಲುವೆಗೆ ಹರಿದು ಗಿಡಗಳಿಗೆ ಮುಟ್ಟಬೇಕು. ಬೆಳಕು ಹರಿದಾಗ ನಲ್ಲಿ ತಿರುವಬೇಕು, ದಾಸೋಹದ ನೀಲವ್ವ ಅಡಿಗೆಗೆ ನೀರು ಬೇಕೆಂದು ಕೂಗಿದ ಕೂಡಲೆ ಮುಚ್ಚಬೇಕು. ಅಷ್ಟರೊಳಗೆ ಅರ್ಧ ಸಾಲು ನೆನೆದರೆ ಪುಣ್ಯ. ಪೈಪಿನ ತುದಿಯಲ್ಲಿ ನೀರು ಬರುತ್ತಿದ್ದುದು ಎಳೆಗೂಸು ಉಚ್ಚೆ ಹೊಯ್ದ ಹಾಗೆ.

ಒಂದು ದಿನ ಫಕೀರೇಶ ಕೊಡ ಹೊತ್ತು ತಂದು ಸಂಪಿಗೆಯ ಬುಡಕ್ಕೆ ಸುರಿದ. ಅಜ್ಜ ಬೇವಿನ ಕಡ್ಡಿ ಅಗಿಯುತ್ತ ಅಲ್ಲೇ ನಿಂತಿದ್ದರು.

"ನಿನ್ನ ಗಿಡಕ್ಕ ಹಾಕಿದಿ. ಅದರ ಮಗ್ಗಲದ್ದಕ್ಕ?"

ಪಕ್ಕದಲ್ಲಿ ಮತ್ತೊಬ್ಬನ ದಾಸವಾಳ ತಲೆ ಜೋತು ಹಾಕಿತ್ತು. ಫಕೀರೇಶನಿಗೆ ನಾಚಿಕೆ ಆಯಿತು. ಮರುದಿನದಿಂದ ಕೊಡ ಮುಟ್ಟಲಿಲ್ಲ. ಆದರೆ ಒಂದು ಪ್ರಶ್ನೆ ತಲೆಗೆ ಹೊಕ್ಕು ಕೂತಿತು. ತೊಟ್ಟಿ ತುಂಬಿ ತುಳುಕುತ್ತಿದೆ, ತುದಿಯಲ್ಲಿ ನೀರಿಲ್ಲ. ಹಾಗಾದರೆ ನಡುವೆ ಏನಾಗುತ್ತಿದೆ?

ನೋಡೋಣ ಅಂತ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದ. ನೀರು ಸುಂಯ್ ಅಂತ ಚಿಮ್ಮಿ ದೂರದ ದಾಸವಾಳದ ನೆತ್ತಿಗೆ ಹೋಗಿ ಬಿತ್ತು. ಅವನಿಗೆ ಸ್ವರ್ಗ ಮೂರೇ ಗೇಣು. ಓಡಿಹೋಗಿ ಅಜ್ಜನನ್ನು ಕರೆತಂದು, ನೀರು ಹೆಚ್ಚು ಮಾಡುವ ಉಪಾಯ ಸಿಕ್ಕಿತು ಅಂದ.

ಅಜ್ಜ ಒಂದು ಕೊಡ ತಂದಿಟ್ಟರು. ಹೆಬ್ಬೆರಳು ತೆಗೆದು ತುಂಬಿಸು ಅಂದರು. ಅವರು ಹೊಳೆಗಿಳಿದು ಪಂಚೆ ನೆನೆಸುವಷ್ಟರಲ್ಲಿ ಕೊಡ ತುಂಬಿತು. ಈಗ ಒತ್ತಿ ಹಿಡಿದು ತುಂಬಿಸು ಅಂದರು. ಅವರು ಪಂಚೆ ಒಗೆದು, ಹಿಂಡಿ, ಬಂಡೆಯ ಮೇಲೆ ಹರವಿ ಬಂದರೂ ನೀರು ಕೊಡದ ಕುತ್ತಿಗೆಗೆ ಬಂದಿರಲಿಲ್ಲ.

ಫಕೀರೇಶ ಕೊಡದೊಳಗೆ ಇಣುಕಿದ, ಪೈಪಿನ ಬಾಯಿ ನೋಡಿದ, ಮತ್ತೆ ಕೊಡ ನೋಡಿದ.

"ಅಷ್ಟು ಜೋರು ಹಾರಿತಲ್ರಿ, ಅಜ್ಜಾರ?"

"ಹಾರಿತು. ಬರಲಿಲ್ಲ."

ಅಷ್ಟು ಹೇಳಿ ಅಜ್ಜ ಹೋದರು. ಫಕೀರೇಶ ಹೆಬ್ಬೆರಳನ್ನೇ ನೋಡುತ್ತ ಕೂತ. ಬಾಯಿ ಸಣ್ಣದಾದರೆ ನೀರು ಸಿಟ್ಟಿಗೇಳುತ್ತದೆ, ಹೆಚ್ಚಾಗುವುದಿಲ್ಲ. ಹಾಗಾದರೆ ಪೈಪಿನ ಉದ್ದಕ್ಕೂ ಯಾರಾದರೂ ಹೆಬ್ಬೆರಳು ಒತ್ತಿ ಹಿಡಿದಿದ್ದಾರೋ ಏನೋ ಅನ್ನಿಸಿತು. ಮಂಡಿಯೂರಿ ಪೈಪಿನ ಜೊತೆಗೇ ತೆವಳುತ್ತ ಹೋದ.

ಅಯ್ಯೋ, ಎಷ್ಟು ಹೆಬ್ಬೆರಳು ಅಂತೀರಿ.

ಆ ಪೈಪು ಗುದ್ದಲಿ ಏಟು ತಿಂದಿತ್ತು, ಹೆಗ್ಗಣ ಕಡಿದಿತ್ತು, ಬಿಸಿಲಿಗೆ ಸೀಳಿತ್ತು. ಪ್ರತಿ ಸಲವೂ ಆಗಿನ ಶಿಷ್ಯ ಕೈಗೆ ಸಿಕ್ಕಿದ್ದನ್ನು ತುರುಕಿ ಜೋಡಿಸಿದ್ದ. ಒಂದು ಕಡೆ ಬಿದಿರಿನ ತುಂಡು. ಒಂದು ಕಡೆ ಪೆನ್ನಿನ ಕೊಳವೆ, ಮೇಲೆ ಸೈಕಲ್ ಟ್ಯೂಬಿನ ಸುತ್ತು. ಇನ್ನೊಂದು ಕಡೆ ಎಂಥದೋ ಔಷಧಿ ಸೀಸೆಯ ಕುತ್ತಿಗೆ. ಇದು ಇಂಥವರ ಸೇವೆ, ಅದು ಇಂಥವರ ಸೇವೆ ಅಂತ ಒಂದನ್ನೂ ಯಾರೂ ಬಿಚ್ಚಿರಲಿಲ್ಲ. ಪೈಪೂ ಮಠವೇ ಆಗಿಬಿಟ್ಟಿತ್ತು ಅನ್ನಿ.

ಎಲ್ಲಕ್ಕಿಂತ ಮೇಲೆ, ನಲ್ಲಿಯ ಹತ್ತಿರ, ಒಂದು ಹಿತ್ತಾಳೆ ಜಾಯಿಂಟು. ಅದು ಅಡವಯ್ಯಜ್ಜನ ಗುರುಗಳು, ದೊಡ್ಡಜ್ಜ ಅನ್ನುತ್ತಿದ್ದರು, ಅವರು ಸ್ವಂತ ಕೈಯಿಂದ ಹಾಕಿದ್ದು. ಹಿರಿಯ ಶಿಷ್ಯ ಕೊಟ್ರಯ್ಯ ಪ್ರತಿ ಸೋಮವಾರ ಅದನ್ನು ಹುಣಸೆಹುಳಿಯಿಂದ ತಿಕ್ಕಿ, ವಿಭೂತಿ ಹಚ್ಚಿ, ಒಂದು ಕಣಗಿಲೆ ಹೂ ಏರಿಸುತ್ತಿದ್ದ. ಫಕೀರೇಶನೂ ದಿನಾ ಅದಕ್ಕೆ ಕೈ ಮುಗಿದೇ ನಲ್ಲಿ ತಿರುವುತ್ತಿದ್ದ.

ಈ ತುಂಡುಗಳನ್ನೆಲ್ಲ ತೆಗೆಯಲು ಅವನು ಅಜ್ಜನ ಅಪ್ಪಣೆ ಕೇಳಿದ. ಹಾಕಿದವರನ್ನು ಕೇಳಿ ತೆಗೆ ಅಂದರು. ಒಬ್ಬೊಬ್ಬರ ಹತ್ತಿರವೂ ಹೋಗಿ ಕೇಳಿದ. ಕೆಲವರು ಹೂಂ ಅಂದರು, ಕೆಲವರು ಮುಖ ಊದಿಸಿಕೊಂಡು ಹೂಂ ಅಂದರು.

ಪೇಟೆಗೆ ಹೋಗುವ ಭಕ್ತರಿಗೆ ಹೇಳಿ ದಪ್ಪ ಬಾಯಿಯ ಜಾಯಿಂಟುಗಳನ್ನು ತರಿಸಿದ. ಅವು ಪೈಪಿನೊಳಗೆ ಹೋಗಲೇ ಇಲ್ಲ. ಸಣ್ಣವೇ ಸರಿ ಅಂತ ಕೈಬಿಡುವವನಿದ್ದ. ನೀಲವ್ವ ನೋಡಿ, ಶ್ಯಾವಿಗೆ ಕೂಡ ಬಿಸಿನೀರು ಕಂಡರೆ ಮೆತ್ತಗಾಗತದಪ್ಪಾ ಅಂದು ಒಲೆಯ ಮೇಲಿನ ಪಾತ್ರೆ ತೋರಿಸಿದಳು. ಪೈಪಿನ ಬಾಯಿಯನ್ನು ಬಿಸಿನೀರಿನಲ್ಲಿ ಅದ್ದಿ ಹಿಡಿದ. ಅದು ಸಡಿಲಾಗಿ ದಪ್ಪ ಜಾಯಿಂಟನ್ನು ನುಂಗಿತು, ಆರಿದ ಮೇಲೆ ಬಿಗಿಯಾಗಿ ಕಚ್ಚಿತು. ಫಕೀರೇಶ ಒಬ್ಬನೇ ನಕ್ಕ.

ಹೀಗೆ ಹಳೆಯವನ್ನೆಲ್ಲ ಕಿತ್ತು ಹೊಸವನ್ನು ಹಾಕಿದ. ನಲ್ಲಿ ತಿರುವಿ ತುದಿಗೆ ಓಡಿದ.

ನೀರು ಒಂದೆರಡು ಗಿಡ ಮುಂದೆ ಹೋಯಿತು. ಅಷ್ಟೇ. ಸಂಪಿಗೆಯ ಬುಡ ಹಂಚಿನ ಹಾಗೆ ಒಣಗಿಯೇ ಇತ್ತು, ಒಂದು ಎಲೆ ಅವನ ಕಣ್ಣ ಮುಂದೆಯೇ ಉದುರಿತು. ಅಕ್ಕ ಕೈ ಹಿಡಿದು ಕರೆದೊಯ್ಯುವುದು ಕಣ್ಣಿಗೆ ಕಟ್ಟಿ ಅವನಿಗೆ ಅಳು ಬಂತು.

ಅಜ್ಜನ ಮುಂದೆ ಹೋಗಿ ಕೂತ. ಎಲ್ಲ ಸರಿಪಡಿಸಿದೆ, ಆದರೂ ಬರಲೊಲ್ಲದು ಅಂದ.

"ಎಲ್ಲಾ?"

ಫಕೀರೇಶ ನೆಲ ನೋಡಿದ. "ಒಂದು ಬಿಟ್ಟು ಎಲ್ಲಾ."

"ಅದನ್ಯಾಕ ಬಿಟ್ಟಿ?"

"ಅದು ದೊಡ್ಡಜ್ಜಾರದು, ಅಜ್ಜಾರ."

ಅಜ್ಜ, ಫಕೀರೇಶ ಕಿತ್ತುಹಾಕಿದ್ದ ಹಳೆಯ ಜಾಯಿಂಟುಗಳ ರಾಶಿಯಿಂದ ಬಿದಿರಿನ ತುಂಡೊಂದನ್ನು ಎತ್ತಿಕೊಟ್ಟು, ಕಣ್ಣಿಗೆ ಹಿಡಿದು ಹೊಳೆ ನೋಡು ಅಂದರು. ಹೊಳೆ ಕಂಡಿತು, ಆಚೆ ದಡದ ಎಮ್ಮೆಯೂ ಕಂಡಿತು. ಪೆನ್ನಿನ ಕೊಳವೆಯಲ್ಲಿ ಎಮ್ಮೆ ಮಾತ್ರ ಕಂಡಿತು.

ಅಜ್ಜ ಎದ್ದು ನಲ್ಲಿಯ ಹತ್ತಿರ ಹೋದರು. ಸೊಂಟದಿಂದ ಚಾಕು ತೆಗೆದು ಕಟ್ಟಿದ ದಾರ ಕೊಯ್ದು, ಹಿತ್ತಾಳೆ ಜಾಯಿಂಟನ್ನು ಎಳೆದರು. ಕೊಟ್ರಯ್ಯ ಎಲ್ಲಿದ್ದನೋ ಓಡಿ ಬಂದ. ಅಜ್ಜ ಜಾಯಿಂಟನ್ನು ಫಕೀರೇಶನ ಕೈಗೆ ಕೊಟ್ಟರು.

"ಈಗ ನೋಡು. ಏನ್ ಕಾಣತದ?"

ಹೊರಗೆ ಬಂಗಾರದ ಹಾಗೆ ಹೊಳೆಯುತ್ತಿತ್ತು. ಫಕೀರೇಶ ಕಣ್ಣಿಗೆ ಹಿಡಿದ. ಒಳಗೆಲ್ಲ ನೀರಿನ ಸುಣ್ಣ ಕಟ್ಟಿಕೊಂಡಿತ್ತು.

"ಹೊಳಿ ಕಾಣವಲ್ದು, ಅಜ್ಜಾರ. ಸೂಜಿ ಮೊನಿಯಷ್ಟು ಬೆಳಕು ಐತಿ."

"ಬಾಗಿಲದಾಗ ಒಬ್ಬ ದಪ್ಪ ಮನಷ್ಯಾ ನಿಂತಾನಂತ ತಿಳಕೋ. ಒಳಗ ಪಡಸಾಲಿ ಎಷ್ಟು ದೊಡ್ಡದಿದ್ರೇನು?"

ಕೊಟ್ರಯ್ಯನ ಕಣ್ಣಲ್ಲಿ ನೀರು ಬಂತು. ದೊಡ್ಡಜ್ಜಾರ ಕೈ ತಾಗಿದ್ದು ಅದು ಅಂದ.

ಅಡವಯ್ಯಜ್ಜ ಅವನನ್ನು ಬಯ್ಯಲಿಲ್ಲ. ಹಿಂದಿನದನ್ನು ಹೇಳಿದರು. ಗುದ್ದಲಿ ಬಿದ್ದು ಪೈಪು ತುಂಡಾದ ದಿನ ತಾವೂ ಅಲ್ಲೇ ಇದ್ದರಂತೆ. ದೊಡ್ಡಜ್ಜ ಸಿಟ್ಟಿನಿಂದ ಗೊಣಗುತ್ತ, ದಾಸೋಹದಲ್ಲಿ ಕೆಟ್ಟು ಬಿದ್ದಿದ್ದ ಸ್ಟವ್ವಿನ ನಳಿಗೆ ಮುರಿದು ತಂದು ತುರುಕಿದ್ದರಂತೆ. ಸದ್ಯಕ್ಕ ಇದಿರಲಿ, ಸಂತಿಗೆ ಹೋದವರು ಬ್ಯಾರೆ ತಂದ್ರಾತು ಅಂದಿದ್ದರಂತೆ. ಸಂತೆಗೆ ಯಾರೂ ಹೋಗಲಿಲ್ಲ, ಅಷ್ಟರಲ್ಲಿ ದೊಡ್ಡಜ್ಜ ಲಿಂಗೈಕ್ಯರಾದರು. ಮರುವಾರ ಯಾರೋ ಅದಕ್ಕೆ ವಿಭೂತಿ ಹಚ್ಚಿದರು.

"ದೊಡ್ಡಜ್ಜಾರ ಕೈ ಇದಕ್ಕಷ್ಟ ತಾಗಿತ್ತೇನು, ಕೊಟ್ರಯ್ಯಾ? ನೀರಿಗೂ ತಾಗಿತ್ತು. ಅದನ್ನ ಯಾರೂ ಕಟ್ಟಿ ಇಡಲಿಲ್ಲ."

ಜಾಯಿಂಟನ್ನು ಅವನ ಅಂಗೈಯಲ್ಲಿಟ್ಟು, ಪೂಜೆಯ ಗೋಡೆಗೂಡಿನಲ್ಲಿ ಇಟ್ಟುಕೋ, ಅಲ್ಲಿದ್ದರೆ ಅದರಿಂದ ಯಾರಿಗೂ ನೀರಡಿಕೆ ಆಗುವುದಿಲ್ಲ ಅಂದರು. ಕೊಟ್ರಯ್ಯ ಅದನ್ನು ಎದೆಗೊತ್ತಿಕೊಂಡು ಒಳಗೆ ಹೋದ.

ಫಕೀರೇಶನಿಗೆ ಕುತೂಹಲ ತಡೆಯಲಾಗಲಿಲ್ಲ. ಎಲ್ಲ ಗೊತ್ತಿದ್ದೂ ಇಷ್ಟು ದಿನ ಯಾಕೆ ತೆಗೆಯಲಿಲ್ಲ ಅಂತ ಕೇಳಿದ.

"ನಾ ತಗದಿದ್ರ ಇದು ಅಡವಯ್ಯಜ್ಜ ತಗದ ಜಾಗಾ ಅಂತ ಅಲ್ಲೊಂದು ಕಲ್ಲು ನೆಡತಿದ್ರು. ಬಾಯಾರಿದಾವ ಕೇಳಬೇಕು, ತಮ್ಮಾ."

ಆ ಜಾಗಕ್ಕೆ ಫಕೀರೇಶ ಬಿಳಿಯ ದಪ್ಪ ಜಾಯಿಂಟು ಹಾಕಿದ. ನಲ್ಲಿ ತಿರುವಿದ. ಪೈಪು ಹಾವಿನ ಹಾಗೆ ಒಮ್ಮೆ ಮೈ ಮುರಿಯಿತು. ಅವನು ತುದಿಗೆ ಓಡಿ ಮುಟ್ಟುವ ಮೊದಲೇ ನೀರು ಅಲ್ಲಿ ಮುಟ್ಟಿತ್ತು, ಗಳಗಳ ಅಂತ ಬುಡ ತುಂಬಿಸುತ್ತಿತ್ತು. ದಾಸವಾಳ ಕುಡಿಯಿತು, ಸಂಪಿಗೆ ಕುಡಿಯಿತು. ನೀಲವ್ವ ಇನ್ನೂ ಕೂಗಿರಲೇ ಇಲ್ಲ.

ಮಳೆ ಹಿಡಿಯುವ ಹೊತ್ತಿಗೆ ಸಂಪಿಗೆ ಚಿಗುರಿತು. ಆಷಾಢ ಬಂದರೂ ಆ ಸಲ ಮಳೆ ತಡೆತಡೆದು ಬಿತ್ತು, ಆದರೆ ತೋಟದ ಒಂದು ಗಿಡವೂ ಬಾಡಲಿಲ್ಲ.

ಸುದ್ದಿ ಹರಡಿತು. ಭಕ್ತರು ದೇವರಿಗೆ ಕೈ ಮುಗಿದು ಹೊರಗೆ ಬಂದವರು ನೀರು ನೋಡಲು ಹೋಗತೊಡಗಿದರು. ಫಕೀರೇಶ ಪ್ರತಿಯೊಬ್ಬರಿಗೂ ಬಿದಿರಿನ ತುಂಡು ಕೊಟ್ಟು ಹೊಳೆ ತೋರಿಸುವನು, ಪೆನ್ನಿನ ಕೊಳವೆ ಕೊಟ್ಟು ಎಮ್ಮೆ ತೋರಿಸುವನು. ಅಜ್ಜ ಹೇಳಿದ ದಪ್ಪ ಮನುಷ್ಯನ ಮಾತನ್ನೂ ಹೇಳುವನು, ಅದು ತನ್ನದೇ ಅನ್ನುವ ಹಾಗೆ.

ಒಂದು ಸೋಮವಾರ ಬೆಳಿಗ್ಗೆ ನೋಡುತ್ತಾನೆ, ಬಿಳಿಯ ಜಾಯಿಂಟಿನ ಮೇಲೆ ಮೂರೆಳೆ ವಿಭೂತಿ. ಮೇಲೊಂದು ಕಣಗಿಲೆ ಹೂ.

ಅವನ ಮೈ ಜುಮ್ ಅಂದಿತು. ಯಾರು ಹಚ್ಚಿದರು ಅಂತ ಕೇಳಲಿಲ್ಲ. ಒರೆಸಲೂ ಇಲ್ಲ. ಸುಳ್ಳು ಯಾಕೆ, ಬಹಳ ಖುಷಿ ಆಯಿತು ಅವನಿಗೆ.

ಅಂದಿನಿಂದ ನಲ್ಲಿ ತಿರುವಿದ ಮೇಲೆ ತುದಿಗೆ ಓಡುವುದು ನಿಂತಿತು. ಜಾಯಿಂಟಿನ ಪಕ್ಕದ ಕಲ್ಲಿನ ಮೇಲೆ ಕೂರುವನು. ಯಾರೂ ತುಳಿಯದಂತೆ, ದಾಟದಂತೆ ಕಾಯುವನು.

ಶ್ರಾವಣ ಸೋಮವಾರ ಬಂತು. ಮಠ ಜನರಿಂದ ಗಿಜಿಗುಟ್ಟುತ್ತಿತ್ತು. ಫಕೀರೇಶನ ಸುತ್ತ ಐದಾರು ಮಂದಿ ಕೂತು ಕೇಳುತ್ತಿದ್ದರು. ಯಾರೋ ಒಬ್ಬ ಹೆಂಗಸು ಬುತ್ತಿಗಂಟು ಹಿಡಿದು ಅವನ ಮಗ್ಗುಲಿಗೇ ಬಂದು ನಿಂತಳು. ಅವಳ ನೆರಳು ಜಾಯಿಂಟಿನ ಮೇಲೆ ಬಿತ್ತು.

"ಪೈಪು ತುಳೀಬ್ಯಾಡ್ರಿ ಅವ್ವಾರ, ಆ ಕಡಿಯಿಂದ ಹಾಯ್ದು ಹೋಗ್ರಿ" ಅಂದ. ತಲೆ ಎತ್ತಲಿಲ್ಲ.

ಹೆಂಗಸು ಆ ಕಡೆಯಿಂದ ಹಾಯ್ದು ಸಾಲಿನ ಉದ್ದಕ್ಕೂ ನಡೆದು ಹೋದಳು.

ಸ್ವಲ್ಪ ಹೊತ್ತಿಗೆ ಅಜ್ಜ ಬಂದರು. ಸುತ್ತ ಇದ್ದವರು ಎದ್ದು ದಾರಿ ಬಿಟ್ಟರು. ಅಜ್ಜ ಕುಕ್ಕರಗಾಲಲ್ಲಿ ಕೂತು ಹೂವನ್ನು ತೆಗೆದು ಪಕ್ಕಕ್ಕಿಟ್ಟರು. ಹೆಗಲ ಮೇಲಿನ ವಸ್ತ್ರದ ಚುಂಗಿನಿಂದ ವಿಭೂತಿಯನ್ನು ನಿಧಾನವಾಗಿ ಒರೆಸಿದರು. ಆಮೇಲೆ ತೋಟದ ಕೊನೆಯ ಕಡೆ ಬೆರಳು ತೋರಿಸಿದರು.

ಅಲ್ಲಿ ಸಂಪಿಗೆಯ ಹತ್ತಿರ ದ್ಯಾಮವ್ವ ನಿಂತಿದ್ದಳು. ಬುತ್ತಿಗಂಟು ನೆಲದ ಮೇಲಿತ್ತು. ಎರಡೂ ಕೈಯಿಂದ ಹೊಸ ಎಲೆಗಳನ್ನು ಸವರುತ್ತಿದ್ದಳು. ಈ ಕಡೆ ನೋಡುತ್ತಿರಲಿಲ್ಲ.

ತಾನು ಯಾರಿಗೆ ಆ ಕಡೆಯಿಂದ ಹೋಗು ಅಂದೆ ಅಂತ ಫಕೀರೇಶನಿಗೆ ಆಗ ತಿಳಿಯಿತು.

ಅಜ್ಜ ಅವನ ಹೆಗಲ ಮೇಲೆ ಕೈಯಿಟ್ಟರು.

"ನೀರು ಗಿಡಕ್ಕ ಮುಟ್ಟಿ ಎಷ್ಟೊತ್ತಾತು. ಅಕ್ಕನೂ ಮುಟ್ಟ್ಯಾಳ. ನೀ ಒಬ್ಬಾವ ಇನ್ನೂ ಜಾಯಿಂಟಿನ ಹತ್ರನ ಕುಂತೀಯಲ್ಲೋ, ತಮ್ಮಾ."