ಸಾಲು ಕಾಯುವ ಮೊಳೆ

"ಶಾಲೆಯಲ್ಲಿ ಮಕ್ಕಳ ಗದ್ದ ಡೆಸ್ಕಿಗೆ ತಾಗುತ್ತೆ ಕಣ್ರೀ, ಏನಾದ್ರೂ ಮಾಡಿ" ಅಂದಳು ನನ್ನ ಹೆಂಡತಿ ದುಂಡಮ್ಮ. ಅಲ್ಲಿ ಅಡುಗೆ ಮಾಡುತ್ತಿದ್ದವಳು. ಅದೇ ಅವಳ ಕೊನೆಯ ಮಾತು; ಆ ರಾತ್ರಿಯೇ ತೀರಿಕೊಂಡಳು.

ಅವಳನ್ನು ಮಣ್ಣು ಮಾಡಿ ಬಂದು, ಬಡಗಿಯಾದ ನಾನು ನಿಧಾನಕ್ಕೆ, ಗೂಟ ಬದಲಿಸಿ ಏರಿಸಿ ಇಳಿಸುವ ಡೆಸ್ಕುಗಳನ್ನು ಮಾಡಿಕೊಟ್ಟೆ. ಹೆಡ್‌ಮಾಸ್ತರರಿಗೆ ಸಾಲು ಏರುಪೇರಾಗಿ ಕಂಡಿತು. ಎಲ್ಲವನ್ನೂ ಒಂದೇ ಎತ್ತರಕ್ಕೆ ನಿಲ್ಲಿಸಿ ಮೊಳೆ ಹೊಡೆಸಿದರು.

ಒಂದು ಸಂಜೆ ಶಾಲೆಯ ಬಾಗಿಲು ರಿಪೇರಿ ಮಾಡುತ್ತಿದ್ದೆ. ಒಳಗೆ ಮಾತು ಕೇಳಿಸಿತು.

"ಮೊಳೆಯಣ್ಣ, ಒಂದನೇ ಕ್ಲಾಸಿನ ಮಾದೇವಿ ನಿಂತೇ ಬರೀತಾಳೆ. ಸ್ವಲ್ಪ ಬಿಡು, ಇಳಿಯುತ್ತೇನೆ" ಅಂದಿತು ಡೆಸ್ಕು.

"ನಿಂತೇ ಬರೆಯುತ್ತಾಳೆಯೇ? ಎಂಥ ವಿನಯ!" ಅಂದಿತು ಮೊಳೆ.

"ಕಾಲು ನೋಯುತ್ತಂತೆ. ಇನ್ನು ಶಾಲೆಗೇ ಬರಲ್ಲ ಅಂತಾಳೆ."

"ಬೆಳೆದ ಮೇಲೆ ಬರಲಿ. ಸಾಲು ನೆಟ್ಟಗಿದೆ, ಮಕ್ಕಳ ಅಳತೆ ತಪ್ಪಿದೆ."

"ನನ್ನನ್ನು ಮಾಡಿದ್ದೇ ಏರಿಳಿಯಲಿಕ್ಕೆ."

"ಹೌದಪ್ಪ. ಅದಕ್ಕೇ ನನ್ನನ್ನು ಹೊಡೆದದ್ದು."

ಮರುದಿನ ಬೆಳಿಗ್ಗೆ ಇಕ್ಕಳ ಹಿಡಿದು ಹೋದೆ.

"ಯಾರ ಅಪ್ಪಣೆ?" ಎಂದು ಮೊಳೆ ಗದರಿತು.

ಇಕ್ಕಳ ಹಾಕಿ ಕಿತ್ತೆ. ಶಿಸ್ತಿನ ಮೊಳೆ ಡೊಂಕಾಗಿ ಹೊರಬಂತು. ಮಾದೇವಿಯನ್ನು ಕೂರಿಸಿ, ಅವಳ ಮೊಣಕೈ ನೋಡಿಕೊಂಡು ಡೆಸ್ಕು ಇಳಿಸಿದೆ.